ತಾಯಿಯನ್ನು ಪ್ರತ್ಯೇಕವಾಗಿ ಕೇಳತಕ್ಕದ್ದು

ಆ ವಿಡಿಯೊವನ್ನು ಸಭೆಯಲ್ಲಿ ಎರಡು ಸಲ ಹಾಕಿದರು. ಎರಡನೇ ಸಲ ಹಾಕಿಸಿದವರು ನಮ್ಮ ಅಧ್ಯಕ್ಷರು, ನಿವೃತ್ತ ನ್ಯಾಯಾಧೀಶರು. "ಉತ್ತರ ಕೊಡುವ ಮೊದಲು ಆ ತಾಯಿ ಯಾವ ಕಡೆ ನೋಡುತ್ತಾರೆ, ಅದನ್ನಷ್ಟೇ ಗಮನಿಸಿ," ಎಂದರು.

ವಿಡಿಯೊದಲ್ಲಿ ಮೂರು ಕುರ್ಚಿಗಳಿದ್ದವು. ಒಂದರಲ್ಲಿ ಹದಿಮೂರು ವರ್ಷದ ಹುಡುಗಿ, ವಯಸ್ಸಿಗಿಂತ ಚಿಕ್ಕವಳಾಗಿ ಕಾಣುವವಳು. ನಡುವಿನದರಲ್ಲಿ ಅವಳ ತಾಯಿ, ಜಾವಳಿ ಕಡೆಯ ಕಾಫಿ ತೋಟವೊಂದರ ಕೆಲಸದಾಕೆ. ಮೂರನೆಯದರಲ್ಲಿ ಆ ತೋಟದ ಮಾಲೀಕರು. ಪ್ರಶ್ನೆ ಕೇಳುತ್ತಿದ್ದ ವೈದ್ಯರ ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. ಪ್ರತಿ ಪ್ರಶ್ನೆಗೂ ತಾಯಿ ಮೊದಲು ಬಲಕ್ಕೆ ತಿರುಗಿ ಮಾಲೀಕರ ಮುಖ ನೋಡುತ್ತಿದ್ದರು. ಅವರು ತಲೆಯಾಡಿಸಿದ ಮೇಲೆ ಹೌದು ಎನ್ನುತ್ತಿದ್ದರು.

ನಾನು ಆ ಕೋಣೆಯಲ್ಲಿದ್ದದ್ದು ಒಂದು ನಿಯಮದ ದೆಸೆಯಿಂದ. ಮನುಷ್ಯರ ಮೇಲೆ ಹೊಸ ಚಿಕಿತ್ಸೆಯ ಪ್ರಯೋಗ ನಡೆಸುವ ಆಸ್ಪತ್ರೆಗೆ ಎಥಿಕ್ಸ್ ಕಮಿಟಿ ಇರಬೇಕು. ಪ್ರಯೋಗ ನ್ಯಾಯವಾಗಿದೆಯೇ, ಒಳಗಾಗುವವರಿಗೆ ಎಲ್ಲ ತಿಳಿಸಿದ್ದಾರೆಯೇ ಎಂದು ನೋಡುವುದು ಅದರ ಕೆಲಸ. ಅದರಲ್ಲಿ ವೈದ್ಯರೂ ವಿಜ್ಞಾನಿಯೂ ಅಲ್ಲದ ಒಬ್ಬ ಸಾಮಾನ್ಯ ವ್ಯಕ್ತಿ ಕಡ್ಡಾಯ. ಕರಾವಳಿಯ ಒಂದು ಖಾಸಗಿ ಆಸ್ಪತ್ರೆಯವರು, ಪತ್ರಿಕೆಯ ಡೆಸ್ಕಿನಿಂದ ನಿವೃತ್ತಳಾಗಿ ಮೂಡಿಗೆರೆಗೆ ಮರಳಿದ್ದ ನನ್ನನ್ನು ಆ ಸಾಮಾನ್ಯ ವ್ಯಕ್ತಿಯಾಗಿ ತೆಗೆದುಕೊಂಡಿದ್ದರು. ಹೆಚ್ಚಿನ ಸಭೆಗಳಲ್ಲಿ ನಾನು ಮಾಡುತ್ತಿದ್ದದ್ದು ಕನ್ನಡದ ಒಪ್ಪಿಗೆ ಪತ್ರಗಳಲ್ಲಿ ಯಾರಿಗೂ ಅರ್ಥವಾಗದ ವಾಕ್ಯಗಳನ್ನು ಒಡೆದು ಚಿಕ್ಕದು ಮಾಡುವ ಕೆಲಸ. ಮೂವತ್ತು ವರ್ಷ ಮಾಡಿದ್ದನ್ನೇ ಮತ್ತೆ ಮಾಡುತ್ತಿದ್ದೆ.

ಹುಡುಗಿಗೆ ಇದ್ದದ್ದು ಥಲಸ್ಸೀಮಿಯಾ. ತಂದೆ ತಾಯಿ ಇಬ್ಬರಲ್ಲೂ ದೋಷವಿರುವ ವಂಶವಾಹಿ ಒಂದೊಂದು ಇದ್ದು, ಎರಡೂ ಮಗುವಿಗೆ ಬಂದರೆ, ಆ ಮಗುವಿನ ದೇಹ ಸರಿಯಾದ ರಕ್ತ ಮಾಡಿಕೊಳ್ಳುವುದಿಲ್ಲ. ಹುಟ್ಟಿದ ವರ್ಷದಿಂದ ಬೇರೆಯವರ ರಕ್ತ ಏರಿಸುತ್ತಲೇ ಇರಬೇಕು. ಹಾಗೆ ಏರಿಸಿದ ರಕ್ತದ ಕಬ್ಬಿಣ ಯಕೃತ್ತಿನಲ್ಲಿ, ಹೃದಯದಲ್ಲಿ ಕೂಡುತ್ತ ಹೋಗುತ್ತದೆ. ಅದನ್ನು ಇಳಿಸಲು ಮಾತ್ರೆಗಳಿವೆ. ಆಸ್ಪತ್ರೆಯಲ್ಲಿ ಸಿಕ್ಕಿದ ತಿಂಗಳು ಸಿಕ್ಕಿತು, ಇಲ್ಲದ ತಿಂಗಳು ಇಲ್ಲ. ಅಸ್ಥಿಮಜ್ಜೆ ಕಸಿ ಮಾಡಲು ಹೊಂದುವ ಒಡಹುಟ್ಟು ಇರಲಿಲ್ಲ, ಅವಳು ಒಬ್ಬಳೇ ಮಗಳು. ತಂದೆ ಅದೇ ತೋಟದಲ್ಲಿ ಮರಗಸಿ ಮಾಡುವಾಗ, ಅಂದರೆ ನೆರಳಿನ ಮರ ಹತ್ತಿ ಕೊಂಬೆ ಸವರುವಾಗ, ಸಿಲ್ವರ್ ಓಕಿನಿಂದ ಬಿದ್ದು ತೀರಿಕೊಂಡಿದ್ದ.

ಪ್ರಯೋಗದ ಚಿಕಿತ್ಸೆ ಹೀಗಿತ್ತು. ರಕ್ತ ಹುಟ್ಟಿಸುವ ಮೂಲಕೋಶಗಳನ್ನು ಹುಡುಗಿಯ ದೇಹದಿಂದಲೇ ತೆಗೆಯುವುದು; ಪ್ರಯೋಗಾಲಯದಲ್ಲಿ ಅವುಗಳ ವಂಶವಾಹಿಯನ್ನು ಒಂದು ಗೊತ್ತಾದ ಜಾಗದಲ್ಲಿ ಕತ್ತರಿಸಿ ತಿದ್ದುವುದು; ಬಲವಾದ ಔಷಧ ಕೊಟ್ಟು ಅವಳ ಮಜ್ಜೆಯನ್ನು ಖಾಲಿ ಮಾಡಿ, ತಿದ್ದಿದ ಕೋಶಗಳನ್ನು ಮರಳಿ ಸೇರಿಸುವುದು. ಗೆದ್ದರೆ ಮತ್ತೆ ಬೇರೆಯವರ ರಕ್ತ ಬೇಡ. ಇಂಥದೇ ಚಿಕಿತ್ಸೆ ಹೊರದೇಶಗಳಲ್ಲಿ ಆಗಲೇ ಮಾರಾಟಕ್ಕಿದೆ. ಅದರ ಬೆಲೆಯನ್ನು ತೋಟದ ಮಾಲೀಕರು ಫೋನಿನಲ್ಲಿ ಹುಡುಕಿ ನೋಡಿ, ತೋಟವನ್ನೇ ಮಾರಿದರೂ ಆಗುವುದಿಲ್ಲ ಎಂದು ವೈದ್ಯರಿಗೆ ಹೇಳಿದ್ದರಂತೆ. ಹಾಗಾಗಿ ಈ ಪ್ರಯೋಗವೊಂದೇ ದಾರಿ. ಸೇರಿಸಿಕೊಳ್ಳುವ ಮಕ್ಕಳ ಸಂಖ್ಯೆ ಬೆರಳೆಣಿಕೆಯದು.

ಇದರ ಮೇಲೆ ಕಣ್ಣಿಟ್ಟಿದ್ದವರು ನಾವು ಮಾತ್ರ ಅಲ್ಲ. ನಮ್ಮ ಮೇಲೆ ದೇಶದ ನಿಯಂತ್ರಕರು, ಅದರ ಆಚೆಗೆ ಪ್ರಯೋಗ ನಡೆಯುತ್ತಿದ್ದ ಎಲ್ಲ ದೇಶಗಳಿಗೂ ಸೇರಿದ ಒಂದು ಹೊರದೇಶದ ಮೇಲ್ವಿಚಾರಣಾ ಮಂಡಳಿ. ಇಷ್ಟು ಕಾವಲು ಯಾಕೆ ಎಂದು ನಾನು ಯಾವತ್ತೂ ಕೇಳಲಿಲ್ಲ. ಕೆಲವು ವರ್ಷಗಳ ಹಿಂದೆ ಚೀನಾದ ಒಬ್ಬ ವಿಜ್ಞಾನಿ ಭ್ರೂಣದಲ್ಲೇ ವಂಶವಾಹಿ ತಿದ್ದಿ ಅವಳಿ ಹೆಣ್ಣುಮಕ್ಕಳನ್ನು ಹುಟ್ಟಿಸಿದ ಸುದ್ದಿ ಬಂದಾಗ ನಾನು ಡೆಸ್ಕಿನಲ್ಲಿದ್ದೆ. ಆ ತಂದೆತಾಯಿಗಳ ಒಪ್ಪಿಗೆ ಪಡೆದ ರೀತಿಯ ಬಗ್ಗೆ ಬಂದ ಟೀಕೆಗಳನ್ನು ಕನ್ನಡಕ್ಕೆ ತಂದವಳೂ ನಾನೇ. ಇಲ್ಲಿ ತಿದ್ದುತ್ತಿದ್ದದ್ದು ಹುಟ್ಟಿ ಬೆಳೆದ ಹುಡುಗಿಯ ರಕ್ತವನ್ನು, ಅದು ಅವಳ ಮಕ್ಕಳಿಗೆ ಹೋಗುವುದಿಲ್ಲ. ಆದರೂ ಆ ಘಟನೆಯ ನಂತರ ಎಲ್ಲ ಕಡೆ ಎಲ್ಲರೂ ಒಪ್ಪಿಗೆಯನ್ನು ಭೂತಗನ್ನಡಿ ಹಿಡಿದು ನೋಡತೊಡಗಿದರು. ನೋಡಲೇಬೇಕಿತ್ತು.

ವಿಡಿಯೊ ಯಾಕೆಂದರೆ, ಬಡವರು, ಓದು ಬಾರದವರು, ಇನ್ನೊಬ್ಬರ ಆಶ್ರಯದಲ್ಲಿರುವವರು ಪ್ರಯೋಗಕ್ಕೆ ಒಪ್ಪುವಾಗ ಆ ಮಾತುಕತೆಯನ್ನು ಚಿತ್ರೀಕರಿಸಿಡಬೇಕು. ಈ ವಿಡಿಯೊದಲ್ಲಿ ನನಗೆ ನೆನಪಿರುವುದು ಮೊದಲಿಗೆ ಹುಡುಗಿಯ ಮಾತು. ಚಿಕ್ಕವರಾದರೂ ಅವರ ಇಷ್ಟವನ್ನೂ ಕೇಳಬೇಕೆಂಬ ನಿಯಮವಿದೆ.

"ನಿನಗೆ ಏನು ಅರ್ಥ ಆಗಿದೆ, ನಿನ್ನ ಮಾತಲ್ಲೇ ಹೇಳು ಪುಟ್ಟಿ," ಎಂದಿತು ವೈದ್ಯರ ದನಿ.

"ನನ್ ರಕ್ತದ್ ಬೀಜ ತೆಗ್ದು, ರಿಪೇರಿ ಮಾಡಿ, ವಾಪಸ್ ಹಾಕ್ತಾರೆ. ಅದಕ್ ಮೊದ್ಲು ಒಂದ್ ಔಷಧಿ ಕೊಡ್ತಾರೆ, ಕೂದ್ಲೆಲ್ಲ ಉದುರುತ್ತೆ. ವಾಂತಿ ಆಗುತ್ತೆ. ಒಂದ್ ರೂಮಲ್ಲಿ ಒಬ್ಳೇ ಇರ್ಬೇಕು. ಸರಿ ಆಗ್ದೇನೂ ಇರ್ಬೋದು."

"ಸತ್ತುಹೋಗುವ ಅಪಾಯವೂ ಇದೆ ಅಂತ ಹೇಳಿದ್ದೆನಲ್ಲ?"

"ಹೇಳಿದ್ರಿ. ಈಗ್ಲೂ ಇದೆಯಲ್ಲ ಅದು."

"ಮತ್ತೆ, ನಿನಗೆ ಬೇಕಾ?"

"ಬೇಕು. ತಿಂಗ್ಳಿಗ್ ಒಂದ್ಸಲ ಪೆಟ್ರೋಲ್ ಹಾಕ್ಸೋದು ಸಾಕಾಗಿದೆ ನಂಗೆ."

ರಕ್ತ ಏರಿಸಿಕೊಳ್ಳುವುದಕ್ಕೆ ಅವಳು ಇಟ್ಟಿದ್ದ ಹೆಸರು ಅದು. ಕೋಣೆಯಲ್ಲಿ ನಾವೆಲ್ಲ ಸ್ವಲ್ಪ ನಕ್ಕೆವು. ಆದರೆ ಮಗುವಿನ ಹೌದು, ತಾಯಿಯ ಹೌದು ಇಲ್ಲದೆ ನಿಲ್ಲುವುದಿಲ್ಲ.

ವೈದ್ಯರು ತಾಯಿಯ ಕಡೆ ಬಂದರು. "ಅಮ್ಮ, ಆ ಔಷಧಿಯಿಂದ ಮುಂದೆ ಇವಳಿಗೆ ಮಕ್ಕಳಾಗದೇ ಇರಬಹುದು. ಅದು ತಿಳೀತಾ?"

ತಾಯಿ ಬಲಕ್ಕೆ ನೋಡಿದರು. ಮಾಲೀಕರೇ ಮಾತಾಡಿದರು. "ಅದು ಆಮೇಲಿನ್ ಮಾತು ಡಾಕ್ಟ್ರೆ. ಮೊದ್ಲು ಹುಡುಗಿ ಉಳೀಲಿ. ಅವ್ಳ ಮದ್ವೆ ಗಿದ್ವೆ ಎಲ್ಲ ನಾನು ನೋಡ್ಕಳ್ತೀನಿ."

"ಸರ್, ನಾನು ತಾಯಿಯನ್ನ ಕೇಳ್ತಾ ಇದ್ದೀನಿ."

"ಅವ್ಳಿಗೆ ಎಲ್ಲ ಬಿಡಿಸಿ ಹೇಳಿದೀನಿ ಮಾರಾಯ್ರೆ. ನಮ್ ತೋಟದೋರು ಇವ್ರು. ನೀವು ಹದಿನೈದು ವರ್ಷ ಚೆಕಪ್ಪಿಗೆ ಬರ್ಬೇಕು ಅಂದ್ರಲ್ಲ, ಬರ್ತಾರೆ. ನಾನು ಜೀಪ್ ಕಳಿಸ್ತೀನಿ. ನಾನು ಸತ್ರೆ ನನ್ ಮಗ ಕಳಿಸ್ತಾನೆ. ನನ್ ಜವಾಬ್ದಾರಿ ಅಂತ ಬರ್ಕಳ್ಳಿ."

ತಾಯಿಯ ಮುಖದಲ್ಲಿ ಆಗ ಕಂಡದ್ದು ನಿರಾಳ. ಅದನ್ನು ನಾನು ಎರಡು ಸಲವೂ ನೋಡಿದೆ.

ನಮ್ಮ ಕಡೆ ಬ್ಯಾಂಕಿಗೆ ಹೋಗಲಿ, ಸ್ಟೇಷನ್ನಿಗೆ ಹೋಗಲಿ, ಮಗುವನ್ನು ಹಾಸ್ಟೆಲಿಗೆ ಸೇರಿಸಲು ಹೋಗಲಿ, ಲೈನ್ ಮನೆಯವರು, ಅಂದರೆ ತೋಟದ ಕೂಲಿಯವರ ಸಾಲುಮನೆಗಳಲ್ಲಿರುವವರು, ಒಬ್ಬರೇ ಹೋಗುವುದಿಲ್ಲ. ಜೊತೆಗೆ ತೋಟದ ಲೆಕ್ಕ ಬರೆಯುವ ರೈಟರೋ ಮೇಸ್ತ್ರಿಯೋ, ವಿಷಯ ದೊಡ್ಡದಾದರೆ ತೋಟದ ಮಾಲೀಕರಾದ ಸಾಹುಕಾರರೋ ಹೋಗಿ "ನಮ್ಮೋರು" ಎಂದು ಒಂದು ಮಾತು ಹೇಳಬೇಕು. ಹೇಳಿದರೆ ಕೆಲಸ ಆಗುತ್ತದೆ. ಹೇಳದಿದ್ದರೆ ನಾಳೆ ಬನ್ನಿ. ಗೋಣಿಬೀಡಿನಿಂದ ಕಳಸದವರೆಗೆ ಯಾವ ಕೌಂಟರಿನಲ್ಲೂ ಮೊದಲು ಕೇಳುವುದು ಹೆಸರನ್ನಲ್ಲ, ಯಾರ ತೋಟ ಎಂದು. ಎಲ್ಲ ಬಾಗಿಲನ್ನೂ ತೆರೆಸುವ ಆ ಒಂದು ಮಾತನ್ನು ಮಾಲೀಕರು ತಮ್ಮ ಕೈಲಾದಷ್ಟು ಗಟ್ಟಿಯಾಗಿ, ಹದಿನೈದು ವರ್ಷಗಳ ಭರವಸೆ ಸೇರಿಸಿ, ಕ್ಯಾಮೆರಾದ ಮುಂದೆ ಹೇಳಿದ್ದರು. ಅದನ್ನು ಹೇಳಬಾರದಾಗಿದ್ದ ಕೋಣೆ ಬಹುಶಃ ಇಡೀ ಜಿಲ್ಲೆಯ ಜನರಿಗೆ ಅದೊಂದೇ.

"ಬಲವಂತ ಏನೂ ಕಾಣಿಸ್ತಿಲ್ಲ," ಎಂದರು ಸಮಿತಿಯಲ್ಲಿದ್ದ ಔಷಧಶಾಸ್ತ್ರದ ಪ್ರಾಧ್ಯಾಪಕರು.

"ಕಾಣಿಸುವ ಬಲವಂತಕ್ಕೆ ಸಮಿತಿ ಯಾಕೆ, ಪೊಲೀಸರು ಸಾಕು," ಎಂದರು ಅಧ್ಯಕ್ಷರು. "ಆಕೆಯ ಕೆಲಸ ಇವರದು, ಮನೆ ಇವರದು, ಮಗಳ ಮದುವೆಯನ್ನೂ ಇವರೇ ಮಾಡುತ್ತಾರಂತೆ. ಬೇಡ ಅನ್ನಬೇಕೆನಿಸಿದರೆ ಆಕೆ ಯಾವ ಬಾಯಲ್ಲಿ ಅನ್ನಬೇಕು?"

ನಿರ್ಣಯ ಬರೆದರು: ತಾಯಿಯನ್ನು ಪ್ರತ್ಯೇಕವಾಗಿ ಕೇಳತಕ್ಕದ್ದು. ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಕ್ಯಾಮೆರಾದೊಂದಿಗೆ ಅವರ ಮನೆಗೆ ಹೋಗುವುದು, ಆ ಕಡೆಯವಳಾದ ನಾನು ವೀಕ್ಷಕಿಯಾಗಿ ಜೊತೆಗಿರುವುದು. ವೀಕ್ಷಕಿ ಬಾಯಿ ಹಾಕುವಂತಿಲ್ಲ.

ಹೋದದ್ದು ಕಾಫಿ ಕೊಯ್ಲಿನ ನಡುವೆ. ಗೇಟಿನಲ್ಲೇ ಮಾಲೀಕರು ಕಾಯುತ್ತಿದ್ದರು. ಬಂಗಲೆಗೆ ಬಂದು ತಿಂಡಿ ತಿನ್ನದೆ ಮುಂದೆ ಹೋಗುವಂತಿಲ್ಲ ಎಂದರು. ಸಮಾಜ ಕಾರ್ಯಕರ್ತೆ ಮಂಗಳೂರು ಕಡೆಯ ಚಿಕ್ಕ ವಯಸ್ಸಿನ ಹೆಣ್ಣುಮಗಳು, ತರಬೇತಿಯಲ್ಲಿ ಹೇಳಿಕೊಟ್ಟಂತೆ ನಯವಾಗಿ ಬೇಡ ಎಂದಳು.

"ಎಂಥ ಮಾರಾಯ್ರೆ ಇದು? ನನ್ ಮನೇಲಿ ಕಾಫಿ ಕುಡಿದ್ರೆ ಹುಡುಗಿಗೆ ಔಷಧಿ ಕೊಡಲ್ವಾ?"

"ಹಾಗಲ್ಲ ಸರ್, ರೂಲ್ಸು."

"ರೂಲ್ಸಲ್ಲಿ ಕಾಫಿನೂ ಇದೆಯಾ!" ಎಂದು ನಕ್ಕು ನನ್ನ ಕಡೆ ತಿರುಗಿದರು. ನಗು ನಿಂತಿತ್ತು. "ಮೇಡಂ, ನೀವು ಇಲ್ಲಿಯೋರು, ನೀವೇ ಹೇಳಿ. ನಾನೇನ್ ಅವ್ಳ ಕಿಡ್ನಿ ಮಾರೋಕ್ ಹೊರಟಿದೀನಾ? ಆಸ್ಪತ್ರೇಲಿ ರಕ್ತ ಇಲ್ಲ ಅಂದಾಗೆಲ್ಲ ನಾನು, ನನ್ ಮಗ ಹೋಗಿ ಮಲ್ಕಂಡು ಕೊಟ್ಟು ಬಂದಿದೀವಿ. ಈಗ ನಾನು ಹತ್ರ ಇರ್ಬಾರ್ದು ಅಂತೀರಿ."

ಅವರು ಹೇಳಿದ್ದು ನಿಜ ಎಂದು ಊರಿನವರಿಂದಲೂ ನಾನು ಕೇಳಿದ್ದೆ. ಅವಳ ತಂದೆ ಬಿದ್ದ ಮರ ಅವರ ತೋಟದ್ದು ಎಂಬುದೂ ನಿಜ. ಒಂದು ಇನ್ನೊಂದಕ್ಕೆ ಕಾರಣವೇ ಎಂದು ನನಗೆ ಗೊತ್ತಿಲ್ಲ, ಕೇಳುವ ಹಕ್ಕೂ ಇರಲಿಲ್ಲ. ಅವರು ಬಂಗಲೆಯಲ್ಲೇ ಉಳಿದರು. ನಾವು ಕಾಫಿ ಹಣ್ಣು ಹರಡಿದ್ದ ಕಣ ದಾಟಿ ಲೈನಿಗೆ ಇಳಿದೆವು.

ತಾಯಿ ಆ ದಿನ ಕೊಯ್ಲಿಗೆ ಹೋಗಿರಲಿಲ್ಲ. ಬಾಗಿಲಲ್ಲಿ ಕುರ್ಚಿ ಹಾಕಿದ್ದರು. ಪಕ್ಕದ ಮನೆಗಳ ಹೆಂಗಸರು ಕ್ಯಾಮೆರಾದ ಮೂರು ಕಾಲು ನಿಲ್ಲಿಸುವುದನ್ನು ನೋಡಲು ಬಂದರು.

"ಏನೇ, ಟಿವೀಲ್ ಬರ್ತೀಯಾ? ಆ ಹಳೇ ಸೀರೆ ಬದ್ಲಾಯ್ಸೆ."

"ಹೋಗ್ರೇ ಅತ್ಲಾಗೆ, ಕೆಲ್ಸ ಇಲ್ವಾ ನಿಮ್ಗೆ?"

"ನಮ್ ಹೆಸ್ರೂ ಒಂಚೂರ್ ಹೇಳು. ಹಂಗೇ ನಲ್ಲೀಲ್ ನೀರ್ ಬರಲ್ಲ ಅಂತಾನೂ ಹೇಳು."

ಅವರನ್ನು ಕಳಿಸಿ, ಬಾಗಿಲು ಹಾಕಿಕೊಂಡು ಒಳಗೆ ಕೂತೆವು. ಹುಡುಗಿ ಗೋಡೆಗೊರಗಿ ಕೂತಿದ್ದಳು. ರಕ್ತ ಏರಿಸುವ ದಿನ ಹತ್ತಿರ ಬಂದಿತ್ತು, ತುಟಿ ಬಿಳಚಿಕೊಂಡಿತ್ತು. "ಗಾಡಿ ರಿಸರ್ವಲ್ಲಿ ಓಡ್ತಿದೆ," ಎಂದಳು ನನಗೆ. ತಾಯಿಯನ್ನು ಪ್ರತ್ಯೇಕವಾಗಿ ಕೇಳಬೇಕೆಂಬ ಕಾರಣಕ್ಕೆ ಅವಳನ್ನೂ ಪಕ್ಕದ ಮನೆಗೆ ಕಳಿಸಿದರು.

ಒಬ್ಬರೇ ಇದ್ದಾಗ ಆ ತಾಯಿ ವಿಡಿಯೊದಲ್ಲಿ ಕಂಡವರಲ್ಲ. ಚಿಕಿತ್ಸೆಯ ಹಂತಗಳನ್ನು ಒಂದೊಂದಾಗಿ ಹೇಳಿದರು. ಯಾವುದು ಗೊತ್ತಿಲ್ಲವೋ ಅದನ್ನು ಗೊತ್ತಿಲ್ಲ ಎಂದರು. ಅರ್ಧದಲ್ಲಿ ಬಿಟ್ಟು ಬರಬಹುದೇ ಎಂದು ಅವರೇ ಕೇಳಿದರು; ಮಜ್ಜೆ ಖಾಲಿ ಮಾಡುವ ಮೊದಲಾದರೆ ಬರಬಹುದು, ಆಮೇಲೆ ಬಂದರೆ ಜೀವಕ್ಕೆ ಅಪಾಯ ಎಂದಾಗ ಆ ಮಾತನ್ನು ತಾವೂ ಒಮ್ಮೆ ಹೇಳಿ ಖಚಿತ ಮಾಡಿಕೊಂಡರು. ಮಕ್ಕಳಾಗದಿರಬಹುದು ಎಂಬುದನ್ನು ಮತ್ತೆ ಕೇಳಿದಾಗ ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ.

"ಇವ್ಳೇ ಇಲ್ದಿದ್ರೆ ಇವ್ಳ ಮಕ್ಳು ಎಲ್ಲಿಂದ ಬರ್ತವೆ ಮೇಡಂ?"

ಇದನ್ನು ಸಭೆಯಲ್ಲಿ ತೋರಿಸಿದರೆ ಸಾಕು ಎಂದು ನನಗೆ ಅನ್ನಿಸಿತು. ಕೊನೆಯ ಪ್ರಶ್ನೆಯೊಂದು ಉಳಿದಿತ್ತು. ಅದನ್ನು ಸಮಿತಿಯಲ್ಲಿ ಅಧ್ಯಕ್ಷರು ಬರೆಸಿದ್ದರು, ನಾವೆಲ್ಲ ಒಪ್ಪಿದ್ದೆವು.

"ನಿಮ್ಮ ಮಾಲೀಕರು ಬೇಡ ಅಂದ್ರೆ, ಆಗಲೂ ನೀವು ಮಗಳನ್ನ ಇದಕ್ಕೆ ಸೇರಿಸ್ತೀರಾ?"

ತಾಯಿ ಸೆರಗು ಸರಿ ಮಾಡಿಕೊಂಡರು. ಕ್ಯಾಮೆರಾವನ್ನು ಒಮ್ಮೆ ನೋಡಿ, ನಾಚಿಕೊಂಡಂತೆ ನಕ್ಕರು.

"ಅಯ್ಯೋ, ಸಾಹುಕಾರ್ರ್ ಮಾತು ಮೀರೋದುಂಟಾ? ಅವ್ರು ಬೇಡ ಅಂದ್ರೆ ಬೇಡ."

ಸಮಾಜ ಕಾರ್ಯಕರ್ತೆ ನನ್ನ ಕಡೆ ನೋಡಿದಳು. ನಾನು ವೀಕ್ಷಕಿ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ವಿವರಿಸಲು ಅವಳಿಗೆ ಅವಕಾಶವಿತ್ತು. "ಅವರು ಬೇಡ ಅಂದಿಲ್ಲಮ್ಮ. ಒಂದು ವೇಳೆ ಅಂದ್ರೆ ಅಂತ ಕೇಳಿದ್ದು. ಇದು ನಿಮ್ಮ ನಿರ್ಧಾರ. ಅವರಿಗೆ ಗೊತ್ತಾಗಲ್ಲ."

ತಾಯಿಗೆ ಇದು ಇನ್ನೂ ಕಷ್ಟಕ್ಕೆ ಬಂತು ಎಂದು ಕಾಣುತ್ತದೆ. ಇಷ್ಟು ಮಾಡಿದವರ ಬೆನ್ನ ಹಿಂದೆ, ಅವರು ಕೊಟ್ಟ ಮನೆಯಲ್ಲೇ ಕೂತು, ಅವರ ಮಾತು ಕೇಳುವುದಿಲ್ಲ ಎಂದು ತನ್ನಿಂದ ಹೇಳಿಸಿ ದಾಖಲು ಮಾಡಿಕೊಳ್ಳಲು ಇವರು ಬಂದಿದ್ದಾರೆ. ತಾಯಿಯ ದನಿ ಗಟ್ಟಿಯಾಯಿತು.

"ಗೊತ್ತಾಗ್ಲಿ ಬಿಡ್ಲಿ ಮೇಡಂ. ಅವ್ರ ಅನ್ನ ತಿನ್ಕಂಡು ಹಂಗೆಲ್ಲ ಹೇಳೋಕ್ಕಾಗಲ್ಲ. ಅವ್ರ್ ಹೇಳ್ದಂಗೆ."

ಕ್ಯಾಮೆರಾ ಮಡಚುವಾಗ, ಯಾವಾಗ ಕರೆಯುತ್ತಾರೆ, ಬಟ್ಟೆ ಎಷ್ಟು ತರಬೇಕು, ಆಸ್ಪತ್ರೆಯಲ್ಲಿ ಒಗೆಯಲು ಜಾಗವಿದೆಯೇ ಎಂದು ಕೇಳಿದರು. ಸಮಾಜ ಕಾರ್ಯಕರ್ತೆ, ತಿಳಿಸುತ್ತೇವೆ ಎಂದಳು.

ಮುಂದಿನ ಸಭೆಯಲ್ಲಿ ನಾನು ಮಾತಾಡಿದೆ. ನಮ್ಮ ಕಡೆ ಇದು ಮರ್ಯಾದೆಯ ಮಾತು, ನಿರ್ಧಾರದ ಮಾತಲ್ಲ ಎಂದೆ. ದೊಡ್ಡವರ ಪ್ರಸ್ತಾಪ ಬಂದರೆ ಹೀಗೆಯೇ ಹೇಳುತ್ತಾರೆ, ಹೇಳಿ ತಮಗೆ ಬೇಕಾದ್ದನ್ನು ಮಾಡುತ್ತಾರೆ. ಬೇರೆ ತೋಟಕ್ಕೆ ಹೋಗಬೇಕೆನಿಸಿದವರು ಸಾಹುಕಾರರಿಗೆ ಕೈಮುಗಿದೇ ಹೋಗುತ್ತಾರೆ. ಆ ಪ್ರಶ್ನೆಗೆ ಆ ಲೈನಿನಲ್ಲಿ ಯಾವ ಹೆಂಗಸೂ ಬೇರೆ ಉತ್ತರ ಕೊಡುವುದಿಲ್ಲ ಎಂದೆ. ಇಷ್ಟು ಹೇಳುವಾಗ, ಅದು ಪೂರ್ತಿ ಮರ್ಯಾದೆಯ ಮಾತೇ, ಒಂದಿಷ್ಟಾದರೂ ಭಯ ಇರಲಿಲ್ಲವೇ ಎಂದು ನನಗೆ ನಿಶ್ಚಯವಿರಲಿಲ್ಲ. ಬಹುಶಃ ಆಕೆಗೂ ಅವೆರಡರ ನಡುವಿನ ಗೆರೆ ಗೊತ್ತಿರಲಿಕ್ಕಿಲ್ಲ.

ಅಧ್ಯಕ್ಷರು ಪೂರ್ತಿ ಕೇಳಿಸಿಕೊಂಡರು. "ನೀವು ಹೇಳಿದ್ದನ್ನು ನಾನು ನಂಬುತ್ತೇನೆ. ಆದರೆ ದಾಖಲೆಯಲ್ಲಿರುವುದು ಆಕೆಯ ಮಾತು. ನಿಮ್ಮದು ವ್ಯಾಖ್ಯಾನ."

ಇದನ್ನೇ ನಾನು ಡೆಸ್ಕಿನಲ್ಲಿ ವರದಿಗಾರರಿಗೆ ಹೇಳುತ್ತ ಬಂದಿದ್ದೆ. ಅವರು ಹೇಳಿದ್ದನ್ನು ಬರಿ, ಅವರ ಮನಸ್ಸಿನಲ್ಲಿದ್ದದ್ದನ್ನು ನೀನು ಬರೆಯಬೇಡ.

"ಇನ್ನೊಮ್ಮೆ ಕೇಳಬಹುದಲ್ಲ," ಎಂದರು ಪ್ರಾಧ್ಯಾಪಕರು.

"ಮೂರನೇ ಸಲ ಕೇಳಿದರೆ ನಮಗೆ ಬೇಕಾದ ಉತ್ತರ ಬರುವವರೆಗೆ ಕೇಳಿದ ಹಾಗಾಗುತ್ತದೆ. ಆಗ ಒತ್ತಾಯ ಮಾಡಿದವರು ನಾವು."

ಅಧ್ಯಕ್ಷರು ಹೇಳಿದ್ದು ಸರಿಯಾಗಿತ್ತು. ಆ ಇಡೀ ಪ್ರಕರಣದಲ್ಲಿ ನನ್ನನ್ನು ಹಿಂಡಿದ್ದು ಇದೇ. ಒಬ್ಬರಾದರೂ ತಪ್ಪು ಹೇಳಿದ್ದರೆ ಅಲ್ಲಿ ಕೈ ಹಾಕಬಹುದಿತ್ತು. ಸುದ್ದಿಮನೆಯಲ್ಲಿ ಯಾವ ಅನ್ಯಾಯದ ವರದಿಗೂ ಒಬ್ಬ ಹೊಣೆಗಾರ ಸಿಗುತ್ತಾನೆ, ಸಿಗದಿದ್ದರೆ ವರದಿ ಪೂರ್ತಿಯಾಗಿಲ್ಲ ಎನ್ನುತ್ತಿದ್ದೆವು. ಇಲ್ಲಿ ಎಷ್ಟು ಹುಡುಕಿದರೂ ಯಾರೂ ಸಿಗಲಿಲ್ಲ.

ಸಮಿತಿ ಮಾಡಿದ್ದು ಇಷ್ಟು: ತಾನೇ ತೀರ್ಮಾನ ಕೊಡದೆ, ನನ್ನ ಟಿಪ್ಪಣಿಯನ್ನೂ ಸೇರಿಸಿ, ವಿಷಯವನ್ನು ಹೊರದೇಶದ ಮೇಲ್ವಿಚಾರಣಾ ಮಂಡಳಿಗೆ ಕಳಿಸಿತು. ಕಾಯುವಾಗ ನಾನು ಇಂಥ ಸಂಶೋಧನೆಗಳ ಬಗ್ಗೆ ಅಂತರರಾಷ್ಟ್ರೀಯ ಸಂಸ್ಥೆಗಳು ಹೊರಡಿಸಿದ ಮಾರ್ಗಸೂಚಿಗಳನ್ನು ತೆಗೆದು ಓದಿದೆ. ಒಂದು ಕಡೆ, ಈ ಚಿಕಿತ್ಸೆ ಶ್ರೀಮಂತ ದೇಶಗಳ ಶ್ರೀಮಂತರಿಗೆ ಮಾತ್ರ ಸಿಗುವಂತಾಗಬಾರದು, ಬಡವರೂ ಪ್ರಯೋಗದಲ್ಲಿ ಪಾಲು ಪಡೆಯಬೇಕು ಎಂದಿತ್ತು. ಇನ್ನೊಂದು ಕಡೆ, ಆಶ್ರಿತರನ್ನು, ದುರ್ಬಲರನ್ನು ವಿಶೇಷವಾಗಿ ಕಾಪಾಡಬೇಕು ಎಂದಿತ್ತು. ಎರಡನ್ನೂ ಕಾಳಜಿಯಿಂದಲೇ ಬರೆದಿದ್ದರು. ಎರಡೂ ಒಂದೇ ಮನೆಯ ಬಾಗಿಲಿಗೆ ಒಟ್ಟಿಗೆ ಬಂದರೆ ಏನು ಮಾಡಬೇಕೆಂದು ನಾನು ಓದಿದ ಕಡೆ ಎಲ್ಲೂ ಇರಲಿಲ್ಲ.

ಮಂಡಳಿಯ ಉತ್ತರ ಸೌಜನ್ಯದಿಂದಲೇ ಇತ್ತು. ಸ್ಥಳೀಯ ಸದಸ್ಯೆಯ ವಿವರಣೆಗೆ ಧನ್ಯವಾದ ಹೇಳಿದ್ದರು. ಕೆಲಸ ಮತ್ತು ವಸತಿ ಎರಡಕ್ಕೂ ಕುಟುಂಬ ಒಬ್ಬ ಮಾಲೀಕನನ್ನು ನೆಚ್ಚಿರುವುದರಿಂದ, ಅವನ ಮಾತನ್ನು ಮೀರುವುದಿಲ್ಲ ಎಂದು ತಾಯಿಯೇ ಎರಡು ಬಾರಿ ಹೇಳಿರುವುದರಿಂದ, ಈ ಒಪ್ಪಿಗೆಯನ್ನು ಸ್ವತಂತ್ರ ಎಂದು ಪರಿಗಣಿಸಲಾಗದು. ಮಗುವಿಗೆ ಸ್ಥಳೀಯವಾಗಿ ದೊರೆಯುವ ಅತ್ಯುತ್ತಮ ಚಿಕಿತ್ಸೆಯನ್ನು ಮುಂದುವರಿಸಬೇಕು. ಸ್ಥಳೀಯವಾಗಿ ದೊರೆಯುವುದೆಂದರೆ ಚಿಕ್ಕಮಗಳೂರಿನ ಆಸ್ಪತ್ರೆಯ ಹಾಸಿಗೆ, ಗುಂಪು ಹೊಂದುವ ರಕ್ತ ಇದ್ದ ದಿನ ರಕ್ತ.

ಮಾಲೀಕರು ನನ್ನ ನಂಬರ್ ಎಲ್ಲಿಂದಲೋ ಹುಡುಕಿ ಫೋನ್ ಮಾಡಿದರು. ಆಸ್ಪತ್ರೆಯವರು ಅವರಿಗೆ ಕಾರಣ ಹೇಳಿರಲಿಲ್ಲ, ಆದರೆ ಅವರು ಊಹಿಸಿದ್ದರು.

"ನಾನು ಅವ್ಳನ್ನ ಕೆಲ್ಸದಿಂದ ತೆಗ್ದು, ಲೈನಿಂದ ಹೊರಗ್ ಹಾಕಿದ್ರೆ ಆಗ ಸೇರಿಸ್ಕಳ್ತಾರಾ ಮೇಡಂ? ಆಗ ಅವ್ಳು ಸ್ವತಂತ್ರಳಾ?"

ಅದರಲ್ಲಿ ವ್ಯಂಗ್ಯ ಎಷ್ಟು, ನಿಜವಾದ ಪ್ರಶ್ನೆ ಎಷ್ಟು ಎಂದು ತಿಳಿಯಲಿಲ್ಲ. ಸಮಿತಿಯ ವಿಷಯ ಮಾತಾಡುವ ಹಾಗಿಲ್ಲ ಎಂದೆ.

"ನಾನ್ ಪಕ್ಕದಲ್ ಕೂತಿದ್ದೇ ತಪ್ಪಾಯ್ತಾ?"

ಅದಕ್ಕೂ ನಾನು ಅದೇ ಮಾತು ಹೇಳಿದೆ.

"ಅವತ್ತು ಅವ್ಳು ಲಿಫ್ಟ್ ಹತ್ತೋಕೂ ಹೆದರ್ತಿದ್ಲು. ಸಾಹುಕಾರ್ರೆ, ನೀವು ಜೊತೇಲೇ ಇರಿ ಅಂತ ಅವ್ಳೇ ಹೇಳಿದ್ದು ಮೇಡಂ. ನಾನಾಗಿ ಕೂತಿದ್ದಲ್ಲ."

ಫೋನ್ ಅವರೇ ಇಟ್ಟರು.

ಪ್ರಯೋಗಕ್ಕೆ ಬೇಕಾದಷ್ಟು ಮಕ್ಕಳು ಸೇರಿದರು, ಸೇರ್ಪಡೆ ಮುಗಿಯಿತು. ನನ್ನ ಸದಸ್ಯತ್ವದ ಅವಧಿಯೂ ಮುಗಿಯಿತು, ಮುಂದುವರಿಸುತ್ತೀರಾ ಎಂದು ಕೇಳಿದಾಗ ಬೇಡ ಎಂದೆ. ಈಗ ಇದನ್ನು ಯಾರ ಹೆಸರೂ ಹಾಕದೆ ಬರೆಯುತ್ತಿದ್ದೇನೆ. ಆ ತಾಯಿ ಯಾರೆಂದು ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬಿಟ್ಟಿದ್ದೇನೆ.

ಅವರನ್ನು ಕೊನೆಗೆ ನೋಡಿದ್ದು ಚಿಕ್ಕಮಗಳೂರಿನಲ್ಲಿ, ರಕ್ತ ಏರಿಸುವ ವಾರ್ಡಿನಲ್ಲಿ. ಅದೇ ಆಸ್ಪತ್ರೆಯಲ್ಲಿದ್ದ ನನ್ನ ನೆಂಟರೊಬ್ಬರನ್ನು ನೋಡಿಕೊಂಡು ಬರುವಾಗ ಆ ತಾಯಿಯೇ ಗುರುತು ಹಿಡಿದು ಕರೆದರು. ಹುಡುಗಿ ಕಣ್ಣು ಮುಚ್ಚಿ ಮಲಗಿದ್ದಳು. ಕೈಗೆ ರಕ್ತ ಹೋಗುತ್ತಿತ್ತು. ಮುಖ ನಾನು ನೋಡಿದ್ದಕ್ಕಿಂತ ಕಪ್ಪಾಗಿತ್ತು, ಕಾಲು ಊದಿಕೊಂಡಿತ್ತು. ಹೃದಯಕ್ಕೆ ಕಬ್ಬಿಣ ಕೂತಿದೆ ಎಂದಿದ್ದಾರೆ, ಇನ್ನು ಅಂಥ ಚಿಕಿತ್ಸೆ ಮತ್ತೆ ಎಲ್ಲಾದರೂ ಶುರುವಾದರೂ ಇವಳಿಗೆ ಆಗುವುದಿಲ್ಲವಂತೆ ಎಂದು ತಾಯಿ ಹೇಳಿದರು. ದೂರು ಹೇಳುವ ದನಿಯಲ್ಲಿ ಅಲ್ಲ. ಬಸ್ಸು ತಡವಾಗಿ ಬಂತು ಎನ್ನುವಂತೆ ಹೇಳಿದರು.

ನನಗೆ ಕೂರಲು ಸ್ಟೂಲು ಎಳೆದು ಕೊಟ್ಟರು. ಆಮೇಲೆ ಕೇಳಿದರು.

"ಮೇಡಂ, ಅವತ್ತು ನಾನ್ ಏನ್ ಹೇಳ್ಬೇಕಿತ್ತು?"

ಸಮಿತಿಯ ಮಾತು ಹೊರಗೆ ಹೇಳುವುದಿಲ್ಲ ಎಂದು ಸಹಿ ಹಾಕಿದ್ದೆ, ಅವಧಿ ಮುಗಿದರೂ ಆ ಸಹಿ ಮುಗಿಯುವುದಿಲ್ಲ. ಹೇಳಿದರೂ, ಆ ಉತ್ತರ ಲೈನಿನಿಂದ ಲೈನಿಗೆ ಹೋಗಿ, ಇನ್ನೊಬ್ಬ ತಾಯಿ ಅದನ್ನು ಕ್ಯಾಮೆರಾದ ಮುಂದೆ ಬಾಯಿಪಾಠ ಒಪ್ಪಿಸಿದರೆ ಅದು ಯಾರ ಒಪ್ಪಿಗೆ? ಈ ಎರಡೂ ಕಾರಣಗಳು ಅವತ್ತು ನನಗೆ ಸರಿಯೆನಿಸಿದವು.

"ನೀವು ಹೇಳಿದ್ರಲ್ಲಿ ತಪ್ಪೇನೂ ಇರಲಿಲ್ಲ," ಎಂದೆ.

"ತಪ್ಪಿಲ್ದಿದ್ರೆ ಯಾಕ್ ಬಿಟ್ರು?"

"ಸುಮ್ನಿರಮ್ಮ," ಎಂದಳು ಹುಡುಗಿ, ಕಣ್ಣು ತೆರೆಯದೆ. "ಅವ್ರಿಗೂ ಹೇಳಂಗಿಲ್ಲ ಅನ್ಸುತ್ತೆ."

"ಇವ್ಳ ವಿಷ್ಯ ಅಲ್ಲ ಮೇಡಂ. ಇವ್ಳದ್ದು ಆಯ್ತಲ್ಲ." ತಾಯಿ ದನಿ ತಗ್ಗಿಸಿದರು. "ನಮ್ ನಾದ್ನಿಗೆ ಕೂಸಾಗಿದೆ. ಅದಕ್ಕೂ ಇದೇ ಅಂದಿದಾರೆ. ಮುಂದೆ ಯಾವತ್ತಾದ್ರೂ ಅವ್ಳನ್ನ ಹಂಗೆ ಕೂರಿಸಿ ಕೇಳಿದ್ರೆ, ಅವ್ಳಿಗಾದ್ರೂ ಹೇಳ್ಕೊಡಾಣ ಅಂತ."

ಅವರು ನನ್ನ ಉತ್ತರಕ್ಕೆ ಕಾದರು. ಮಗಳ ಕೈಗೆ ಹೋಗುತ್ತಿದ್ದ ನಳಿಗೆ ಮಡಚಿಕೊಳ್ಳದಂತೆ ಬೆರಳಿನಲ್ಲಿ ಸರಿ ಮಾಡುತ್ತ ಇನ್ನೂ ಸ್ವಲ್ಪ ಹೊತ್ತು ಕಾದರು. ಆಮೇಲೆ, ನನಗೆ ಮುಜುಗರವಾಗದಿರಲಿ ಎಂದಿರಬೇಕು, ಊಟ ಆಯ್ತಾ ಎಂದು ಕೇಳಿದರು.